ಆ ಮನೆಯ ಗೋಡೆಯ ಮೇಲೆ ಯಾರ ಫೋಟೊ?

2020ರ ಜುಲೈ. ಲಾಕ್‌ಡೌನಿನಲ್ಲಿ ನಿಂತಿದ್ದ ಧಾರಾವಾಹಿಗಳ ಚಿತ್ರೀಕರಣ ಮತ್ತೆ ಶುರುವಾಗಿತ್ತು. ನಾನು ಸಂಭಾಷಣೆ ಬರೆಯುತ್ತಿದ್ದ ಧಾರಾವಾಹಿ ಮಾತ್ರ ಶುರುವಾಗಲಿಲ್ಲ. ಬೆಂಗಳೂರಿನ ಬಾಡಿಗೆ ರೂಮು ಖಾಲಿ ಮಾಡಿ ರಾಯಚೂರು ಜಿಲ್ಲೆಯ ನಮ್ಮೂರಿಗೆ ಬಂದು ಕೂತಿದ್ದೆ. ಆಗ ಒಂದು ದಿನ ನಮ್ಮ ಕೇರಿಯ ಬಾಯಲ್ಲಿ ಒಂದು ಫ್ಲೆಕ್ಸ್ ಎದ್ದಿತು. ನಮ್ಮಲ್ಲಿ ಫ್ಲೆಕ್ಸ್ ಅಂದರೆ ಶಾಸಕರ ಹುಟ್ಟುಹಬ್ಬ, ಜಾತ್ರೆ, ಇಲ್ಲವೇ ಯಾರಾದರೂ ತೀರಿಕೊಂಡಾಗಿನ ಶ್ರದ್ಧಾಂಜಲಿ. ಇದು ಟಿವಿ ಧಾರಾವಾಹಿಯ ಫ್ಲೆಕ್ಸ್. ನಡುವೆ ನೀಲಿ ಕೋಟಿನ ಬಾಬಾಸಾಹೇಬರು, ಪಕ್ಕದಲ್ಲಿ ಅವರ ಬಾಲ್ಯದ ಪಾತ್ರ ಮಾಡಿದ ಹುಡುಗ, ಕೆಳಗೆ ನಮ್ಮ ಹುಡುಗರ ಸಾಲು ಸಾಲು ಪಾಸ್‌ಪೋರ್ಟ್ ಫೋಟೊ. ದುಡ್ಡು ಹಾಕಿದವರು ಬೆಂಗಳೂರಿನ ಗುಳೆಯಿಂದ ಆಗಷ್ಟೇ ಬರಿಗೈಯಲ್ಲಿ ಮರಳಿದ್ದವರು. ತಲೆಗೆ 50, 100 ರೂಪಾಯಿ.

ಶನಿವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾಯಿತು. ಪುಟ್ಟ ಭೀಮನಿಗೆ ನೀರು ಕೊಡದೆ ಓಡಿಸುವ ದೃಶ್ಯ ಬಂದಾಗ ಯಾರೂ ಮಾತಾಡಲಿಲ್ಲ. ಜಾಹೀರಾತು ಬಂದಾಗ ಪಕ್ಕದ ಮನೆಯ ಚಿಗವ್ವ ನನ್ನ ಕಡೆ ತಿರುಗಿ ಕೇಳಿದಳು: “ಇದು ನೀ ಬರ್ದಿದ್ದೇನಪಾ?”

ಇಲ್ಲ ಅಂದೆ. ಇದು ಹಿಂದಿಯದು, ಕನ್ನಡಕ್ಕೆ ಡಬ್ ಮಾಡ್ಯಾರ ಅಂದೆ.

“ಮತ್ತ ನೀವು ಬೆಂಗಳೂರಾಗ ಕುಂತು ಏನ್ ಬರೀತೀರಿ?”

ಚಿಗವ್ವ ಚುಚ್ಚಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ನಾನಿನ್ನೂ ಇದೇ ಉದ್ಯಮದ ಅನ್ನ ತಿನ್ನುವವನು, ಆದ್ದರಿಂದ ಇದರಲ್ಲಿ ಬರುವ ಬೈಗುಳದ ಮೊದಲ ಪಾಲು ನನ್ನದೇ.

ನಾವು ಬೆಂಗಳೂರಲ್ಲಿ ಕೂತು ಒಂದು ಮನೆಯನ್ನು ಬರೆಯುತ್ತೇವೆ. ಇಪ್ಪತ್ತು ವರ್ಷದಿಂದ ಅದೇ ಮನೆ. ಎತ್ತರದ ಬಾಗಿಲು, ನಡುಮನೆಯಿಂದ ಮೇಲೇರುವ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಸೋಫಾ, ಎಡಕ್ಕೆ ದೇವರ ಮನೆ, ಬಲಕ್ಕೆ ಯಾರೂ ನಿಜವಾಗಿ ಅಡುಗೆ ಮಾಡದ ಅಡುಗೆಮನೆ. ಅಲ್ಲಿರುವವರು ಕಂಪನಿಯ ಒಡೆಯರು, ಆದರೆ ಕಂಪನಿ ಏನು ತಯಾರಿಸುತ್ತದೆ ಎಂದು ಬರೆಯುವ ನಮಗೂ ಗೊತ್ತಿರುವುದಿಲ್ಲ. ಅವರ ಜಾತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪೂಜೆ, ವ್ರತ, ಮಡಿ, ಅಡುಗೆ, ಮಾತು ಎಲ್ಲವೂ ಸೇರಿ ಹೇಳುತ್ತವೆ. ಅವರು ಆಡುವುದು ಬೆಂಗಳೂರು-ಮೈಸೂರಿನ ಓದಿದವರ ಕನ್ನಡ. ಈ ಮನೆಗೆ ನಾವು ಕೊಟ್ಟಿರುವ ಹೆಸರು ‘ಎಲ್ಲರ ಮನೆ’. ಅದು ಸುಳ್ಳು, ಮತ್ತು ಅದನ್ನು ಸುಳ್ಳು ಎಂದು ತೋರಿಸಿದ್ದು ಕೇರಿಗಳ ಬಾಯಲ್ಲಿ ಎದ್ದ ಆ ಫ್ಲೆಕ್ಸುಗಳು. ನನ್ನ ವಾದ ಇಷ್ಟೇ.

ಫ್ಲೆಕ್ಸು ನಮ್ಮೂರಲ್ಲಿ ಮಾತ್ರ ಎದ್ದದ್ದಲ್ಲ. ಮೈಸೂರು, ಚಾಮರಾಜನಗರದಿಂದ ಕಲಬುರಗಿ, ಬೀದರಿನವರೆಗೆ ಎದ್ದಿತು. ಕೆಲವು ವಾರಗಳಲ್ಲೇ ವಾಹಿನಿಯ ಮುಖ್ಯಸ್ಥರಿಗೆ ಧಾರಾವಾಹಿ ನಿಲ್ಲಿಸಿ ಎಂದು ಬೆದರಿಕೆಯ ಕರೆಗಳು ಬಂದವು. ಅವರು ಅದನ್ನು ಬಹಿರಂಗವಾಗಿಯೇ ಹೇಳಿದರು, ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ಅದಕ್ಕೆ ಅವರನ್ನು ಮೆಚ್ಚಬೇಕು. ಒಂದು ವಾಹಿನಿಯ ಪರವಾಗಿ ಹಳ್ಳಿಯ ಜನ ನಿಂತದ್ದು, ಧಾರಾವಾಹಿಯೊಂದನ್ನು ಕಾಯಬೇಕಾದ ವಸ್ತು ಎಂದು ತಿಳಿದದ್ದು ಕನ್ನಡ ಟಿವಿಯ ಕತೆಯಲ್ಲಿ ದೊಡ್ಡ ಸಂಗತಿ. ಆದರೆ ನಮ್ಮ ಬರಹಗಾರರ ವಲಯದಲ್ಲಿ ಅದರ ಬಗ್ಗೆ ನಾನು ಕೇಳಿದ್ದು ಒಂದೇ ಮಾತು: “ಡಬ್ಬಿಂಗ್ ಒಳಗೆ ಬಂದುಬಿಟ್ಟಿತು.”

ಟಿವಿ ನಾಟಕಕ್ಕೂ ರಾಜಕಾರಣಕ್ಕೂ ಏನು ಸಂಬಂಧ ಎಂದರೆ ನಮಗೆ ಥಟ್ಟನೆ ನೆನಪಾಗುವುದು ‘ರಾಮಾಯಣ’. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ರಸ್ತೆಗಳು ಖಾಲಿಯಾಗುತ್ತಿದ್ದವು. 1991ರಲ್ಲಿ ಸೀತೆಯ ಪಾತ್ರಧಾರಿ ದೀಪಿಕಾ ಚಿಖಲಿಯಾ ವಡೋದರಾದಿಂದ, ರಾವಣನ ಪಾತ್ರಧಾರಿ ಅರವಿಂದ ತ್ರಿವೇದಿ ಸಾಬರಕಾಂಠಾದಿಂದ, ಇಬ್ಬರೂ ಬಿಜೆಪಿಯಿಂದ ಲೋಕಸಭೆಗೆ ಹೋದರು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ತಾರೆಯರ ಲೆಕ್ಕ ಅಷ್ಟು ಸರಳವಲ್ಲ. ಅದಕ್ಕೂ ಮೊದಲು, 1988ರ ಅಲಹಾಬಾದ್ ಉಪಚುನಾವಣೆಯಲ್ಲಿ ಟಿವಿಯ ರಾಮ ಅರುಣ್ ಗೋವಿಲ್ ಪ್ರಚಾರ ಮಾಡಿದ್ದು ಕಾಂಗ್ರೆಸ್ಸಿಗೆ, ಗೆದ್ದವರು ವಿ.ಪಿ. ಸಿಂಗ್. ಅದೇ ಗೋವಿಲ್ 2024ರಲ್ಲಿ ಮೇರಠ್‌ನಿಂದ ಬಿಜೆಪಿ ಸಂಸದರಾದರು. ನಟರು ಬರುತ್ತಾರೆ, ಹೋಗುತ್ತಾರೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ 1988ರ ಇನ್ನೊಂದು ಘಟನೆ. ‘ರಾಮಾಯಣ’ ರಾಮನ ಪಟ್ಟಾಭಿಷೇಕಕ್ಕೆ ಮುಗಿಯಿತು. ಉತ್ತರಕಾಂಡ ಬರಲಿಲ್ಲ. ಅಂದರೆ ವಾಲ್ಮೀಕಿಯ ಆಶ್ರಮ, ಲವ-ಕುಶರು ಬರಲಿಲ್ಲ. ಪಂಜಾಬಿನ ಜಲಂಧರದಲ್ಲಿ ವಾಲ್ಮೀಕಿಯನ್ನು ಗುರುವೆಂದು ಪೂಜಿಸುವ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಬೀದಿಯಲ್ಲಿ ಕಸ ಬಿದ್ದಿತು. ಮುಷ್ಕರ ಉತ್ತರ ಭಾರತದ ಬೇರೆ ಊರುಗಳಿಗೂ ಹಬ್ಬಿತು. ಕೊನೆಗೆ ಸರ್ಕಾರ ಮುಂದಿನ ಕಂತುಗಳಿಗೆ ಒಪ್ಪಬೇಕಾಯಿತು. ಇದನ್ನು ಬಹಳ ಜನ ತಮಾಷೆಯ ಸುದ್ದಿಯಾಗಿ ಹೇಳುತ್ತಾರೆ. ಧಾರಾವಾಹಿಗಾಗಿ ಮುಷ್ಕರವಂತೆ! ತಮಾಷೆ ಏನಿದೆ? ದೇಶವೆಲ್ಲ ಒಟ್ಟಿಗೆ ಕೂತು ನೋಡುವ ಕತೆಯಲ್ಲಿ ನಮ್ಮ ಗುರು ಎಲ್ಲಿ ಎಂದು ಅವರು ಕೇಳಿದರು. ಜಲಂಧರದಲ್ಲಿ ಪೊರಕೆ ಕೆಳಗಿಟ್ಟವರೂ ನಮ್ಮ ಕೇರಿಯಲ್ಲಿ ಫ್ಲೆಕ್ಸ್ ಕಟ್ಟಿದವರೂ ಕೇಳಿದ್ದು ಒಂದನ್ನೇ.

ಟಿವಿ ನಮಗೆ ಹೊಸದು, ಹಳ್ಳಿಯವರಿಗೆ ತಡವಾಗಿ ಬಂತು ಎಂದು ಬೆಂಗಳೂರಿನ ಗೆಳೆಯರು ತಿಳಿದಿರುತ್ತಾರೆ. ಅವರಿಗೆ ನಾನು ಒಂದು ಹಳೆಯ ಕತೆ ಹೇಳುತ್ತೇನೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಅಮೆರಿಕದ ಉಪಗ್ರಹ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ದೊಡ್ಡ ಆಂಟೆನಾ, ಊರಿಗೊಂದು ಸಾರ್ವಜನಿಕ ಟಿವಿ. ಹೊರಗೆ ತುರ್ತುಪರಿಸ್ಥಿತಿ, ಟಿವಿಯೊಳಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಪಾಠ. ನಮ್ಮಪ್ಪನಿಗೆ ಆಗ 12 ವರ್ಷ. ಪಕ್ಕದೂರಿನ ಶಾಲೆಯ ಅಂಗಳದಲ್ಲಿ ನೋಡಿದ್ದನಂತೆ. ಕತ್ತಲಾದ ಮೇಲೆ ನಡೆದುಕೊಂಡು ಹೋಗಿ, ಹಿಂದೆ, ಗೌಡರ ಹುಡುಗರಿಂದ ದೂರ ನಿಂತು. “ದೂರ ನಿಂತ್ರೂ ಟಿವಿ ಎಲ್ಲರಿಗೂ ಒಂದೇ ಕಾಣತಿತ್ತಪಾ” ಎನ್ನುತ್ತಾನೆ ಅಪ್ಪ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ಟಿವಿ ಬಂದದ್ದು 80ರ ದಶಕದಲ್ಲಿ. ನೋಡುಗರಾಗಿ ನಾವು ಬೆಂಗಳೂರಿಗಿಂತ ಹಿರಿಯರು. ಆದರೆ ಕತೆ ಬರೆಯಲು ಶುರುವಾದ ಮೇಲೆ ನಮ್ಮನ್ನು ಕೇಳಿದವರಿಲ್ಲ. ಪಾಠಕ್ಕೆ ನಾವು ಬೇಕಾದೆವು, ಕತೆಗೆ ಬೇಡವಾದೆವು.

ಟಿವಿ ನಾಟಕ ಹುಟ್ಟಿದ್ದೇ ಬಂಗಲೆಯಲ್ಲಿ ಎಂದೇನೂ ಇಲ್ಲ. 1984ರ ‘ಹಮ್ ಲೋಗ್’ ಕೆಳಮಧ್ಯಮ ವರ್ಗದ ಮನೆಯ ಕತೆ. 1986ರ ‘ನುಕ್ಕಡ್’ ಬೀದಿಮೂಲೆಯಲ್ಲಿ ದುಡಿಯುವವರ ಕತೆ. ಕನ್ನಡದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ತುಳುನಾಡಿನ ಮಣ್ಣನ್ನು ತಂದಿತು. ಅದರ ಶೀರ್ಷಿಕೆ ಗೀತೆ ತುಳುವಿನಲ್ಲೇ ಇತ್ತು. ಕನ್ನಡಿಗರೆಲ್ಲ ಅರ್ಥ ಗೊತ್ತಿಲ್ಲದೆಯೂ ಗುನುಗಿದರು. ಟಿ.ಎನ್. ಸೀತಾರಾಂ ಮತ್ತು ಸಂಗಡಿಗರ ‘ಮಾಯಾಮೃಗ’ದಲ್ಲಿ ಬಾಡಿಗೆ ಕಟ್ಟಬೇಕಾದವರು, ಕೆಲಸ ಹುಡುಕುವವರು ಇದ್ದರು. ಆ ಮನೆಗಳೂ ನಮ್ಮವಾಗಿರಲಿಲ್ಲ, ನಿಜ. ಆದರೆ ಅವುಗಳಲ್ಲಿ ದುಡ್ಡಿನ ಚಿಂತೆ ಇತ್ತು. ದುಡ್ಡಿನ ಚಿಂತೆ ಇರುವ ಮನೆಯಲ್ಲಿ ನಾವು ನಮ್ಮನ್ನು ಅಷ್ಟಿಷ್ಟು ಹುಡುಕಿಕೊಳ್ಳಬಹುದಿತ್ತು.

ಆಮೇಲೆ ಏನಾಯಿತು? “ಜನ ಕೇಳಿದ್ದನ್ನು ಕೊಟ್ಟೆವು” ಎನ್ನುತ್ತಾರೆ ಚಾನೆಲ್‌ನವರು. ಈ ‘ಜನ’ ಯಾರು ಎಂದು ಲೆಕ್ಕ ಹಾಕುವ ಬಗೆಯನ್ನು ಸ್ವಲ್ಪ ನೋಡೋಣ. ಟಿಆರ್‌ಪಿ ಅಂದರೆ ಕೆಲವು ಮನೆಗಳಲ್ಲಿ ಇಟ್ಟ ಮೀಟರು ಹೇಳುವ ಲೆಕ್ಕ. 2015ರ ಅಕ್ಟೋಬರ್‌ನಲ್ಲಿ ಬಾರ್ಕ್ ಸಂಸ್ಥೆ ಗ್ರಾಮೀಣ ಲೆಕ್ಕ ಕೊಡಲು ಶುರುಮಾಡುವವರೆಗೆ ಹಳ್ಳಿಯ ಮನೆಗಳು ಈ ಎಣಿಕೆಯೊಳಗೇ ಇರಲಿಲ್ಲ. ಅಂದರೆ ‘ದೊಡ್ಡ ಮನೆ’ಯ ಅಚ್ಚು ತಯಾರಾದ ಆ ಹದಿನೈದು ವರ್ಷ ನಮ್ಮವ್ವ ದಿನಾ ಸಂಜೆ ಟಿವಿ ಮುಂದೆ ಕೂತಿದ್ದರೂ ಲೆಕ್ಕದ ಪ್ರಕಾರ ಕೂತಿರಲಿಲ್ಲ. ಈಗ ಎಣಿಸುತ್ತಾರೆ. ಎಣಿಸುವಾಗ ಮನೆಗಳನ್ನು ಎ, ಬಿ, ಸಿ, ಡಿ, ಇ ಎಂದು ವಿಂಗಡಿಸುತ್ತಾರೆ. ಅದಕ್ಕೆ ಎರಡೇ ಪ್ರಶ್ನೆ: ಮನೆಯ ಮುಖ್ಯ ದುಡಿಮೆಗಾರ ಎಷ್ಟು ಓದಿದ್ದಾನೆ, ಮತ್ತು 11 ವಸ್ತುಗಳ ಪಟ್ಟಿಯಲ್ಲಿ ಮನೆಯಲ್ಲಿ ಎಷ್ಟಿವೆ. ಫ್ಯಾನು, ಗ್ಯಾಸ್ ಒಲೆ, ಬೈಕು, ಫ್ರಿಜ್ಜು, ವಾಷಿಂಗ್ ಮಷೀನು, ಕಾರು, ಏಸಿ, ಹೊಲ, ಹೀಗೆ. ಜಾಹೀರಾತು ಕೊಡುವವರು ಕೇಳುವುದು ಮೇಲಿನ ಅಕ್ಷರಗಳನ್ನು. ಆದ್ದರಿಂದ ಸಂಜೆ ಏಳಕ್ಕೆ ಬರುವ ಮನೆಯಲ್ಲಿ ಹನ್ನೊಂದೂ ವಸ್ತು ಇರಬೇಕು. ನಮ್ಮವ್ವ ನೋಡಲಿ, ಆದರೆ ಅವಳು ನೋಡಬೇಕಾದದ್ದು ತನಗಿಲ್ಲದ್ದನ್ನು. ಇದು ಜನ ಕೇಳಿದ್ದೂ ಅಲ್ಲ, ನಾವು ಕೊಟ್ಟದ್ದೂ ಅಲ್ಲ. ಸಾಬೂನು ಮಾರುವವರ ಅನುಕೂಲಕ್ಕೆ ಕಟ್ಟಿದ ಮನೆ.

ಆ ಮನೆಯೊಳಗೆ ನಮ್ಮವರಿಗೆ ಜಾಗವೇ ಇಲ್ಲ ಎಂದಲ್ಲ. ಇದೆ. ಅಡುಗೆಮನೆಯಲ್ಲಿದೆ.

ನನ್ನನ್ನು ಮೊದಲ ಸಲ ಒಂದು ಧಾರಾವಾಹಿಯ ತಂಡಕ್ಕೆ ಸೇರಿಸಿಕೊಂಡಾಗ ಹೇಳಿದ ಮಾತು ಇದು: “ಅಡುಗೆಯವನ ಪಾತ್ರಕ್ಕೆ ಸ್ವಲ್ಪ ನಿಮ್ಮ ಕಡೆ ಭಾಷೆ ಹಾಕಿ ಸಾರ್, ಕಾಮಿಡಿ ವರ್ಕ್ ಆಗುತ್ತೆ.” ನಾನು ಹಾಕಿದೆ. ಎಂಟು ತಿಂಗಳು ಹಾಕಿದೆ. ಅವನಿಗೆ ಬಸ್ಯಾ ಎಂದು ಹೆಸರಿಟ್ಟವನೂ ನಾನೇ. ಬಸ್ಯಾ ತಪ್ಪು ಕೇಳಿಸಿಕೊಳ್ಳುತ್ತಿದ್ದ, ತಟ್ಟೆ ಬೀಳಿಸುತ್ತಿದ್ದ, “ಯಪ್ಪಾ, ನನ್ನ ಬಿಟ್ಟಬಿಡ್ರಿ” ಎಂದು ಓಡುತ್ತಿದ್ದ. ಸೆಟ್ಟಿನಲ್ಲಿ ಎಲ್ಲರೂ ನಗುತ್ತಿದ್ದರು. ದಸರೆಗೆ ಊರಿಗೆ ಹೋದಾಗ ಅವ್ವನ ಜೊತೆ ಕೂತು ಅದೇ ಕಂತು ನೋಡಿದೆ. ಅವ್ವ ನಗಲಿಲ್ಲ. “ಅಂವಾ ಯಾಕ ಹಂಗ ಮಾತಾಡ್ತಾನ?” ಎಂದಳು. ನಮ್ಮಂಗ ಮಾತಾಡ್ತಾನವ್ವ ಅಂದೆ. “ನಾವು ಹಂಗ ಮಾತಾಡಂಗಿಲ್ಲ” ಅಂದಳು.

ಅವಳು ಹೇಳಿದ್ದು ಸರಿ. ಶಬ್ದಗಳು ನಮ್ಮವೇ, ಆದರೆ ನಾವು ಆ ಶಬ್ದಗಳಲ್ಲಿ ಸಾಲ ತೀರಿಸುತ್ತೇವೆ, ಮಗಳ ಮದುವೆ ಮಾತಾಡುತ್ತೇವೆ, ಪಂಚಾಯ್ತಿಯಲ್ಲಿ ಜಗಳ ಕಾಯುತ್ತೇವೆ, ಸತ್ತವರಿಗೆ ಅಳುತ್ತೇವೆ. ನಾನು ಅದರಲ್ಲಿ ತಟ್ಟೆ ಬೀಳಿಸುವುದನ್ನು ಮಾತ್ರ ಬರೆದಿದ್ದೆ. ಒಂದು ಭಾಷೆಯಲ್ಲಿ ನಗುವುದಕ್ಕೆ ಮಾತ್ರ ಅವಕಾಶವಿದ್ದರೆ, ಆ ಭಾಷೆಯವನು ಅತ್ತಾಗಲೂ ಜನ ನಗುತ್ತಾರೆ. ನಮ್ಮ ಹುಡುಗಿಯರು ಬೆಂಗಳೂರಿನ ಕಚೇರಿಗಳಲ್ಲಿ ಫೋನೆತ್ತಿದಾಗ ಅವ್ವನ ಹತ್ತಿರ ಮೆಲ್ಲಗೆ ಮಾತಾಡುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಕಾರಣ ಬಸ್ಯಾ ಒಬ್ಬನೇ ಅಲ್ಲ. ಆದರೆ ಬಸ್ಯಾನೂ ಹೌದು, ಅವನನ್ನು ಬರೆದ ನಾನೂ ಹೌದು.

“ಆ ಭಾಷೆಯಲ್ಲಿ ಗಂಭೀರ ಕತೆ ಹೇಳಿದರೆ ದಕ್ಷಿಣದವರಿಗೆ ಅರ್ಥವಾಗುವುದಿಲ್ಲ” ಎಂಬ ವಾದವನ್ನು ಮೀಟಿಂಗುಗಳಲ್ಲಿ ನೂರು ಸಲ ಕೇಳಿದ್ದೇನೆ. ಗೀತಾ ನಾಗಭೂಷಣರ ‘ಬದುಕು’ ಕಲಬುರಗಿಯ ಕನ್ನಡದಲ್ಲೇ ದೊಡ್ಡ ಕಾದಂಬರಿಯಾಗಿ ನಿಂತು 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡಿನ ಸೀಮೆಯ ಮಾತಿನಲ್ಲಿದೆ. ನಾವು ರಾಯಚೂರಿನವರು ಅದನ್ನು ತಿಣುಕಿ ತಿಣುಕಿ ಓದಿದೆವು, ಪ್ರೀತಿಸಿದೆವು. ಅಡುಗೆಯವನ ಜೋಕು ಅರ್ಥವಾಗುವ ದಕ್ಷಿಣದವರಿಗೆ ಅದೇ ಭಾಷೆಯ ನಾಯಕನ ದುಃಖ ಅರ್ಥವಾಗುವುದಿಲ್ಲವೇ?

ಇನ್ನು ವರ್ಗದ ಮಾತು. ಬಡವರ ಮನೆಯ ಹೆಣ್ಣು ನಮ್ಮ ಧಾರಾವಾಹಿಯ ನಾಯಕಿಯಾಗುತ್ತಾಳೆ, ಇದನ್ನು ಒಪ್ಪುತ್ತೇನೆ. ‘ಪಾರು’ವಿನಲ್ಲಿ ಅರಸನಕೋಟೆಯ ಮನೆಗೆಲಸದ ಹುಡುಗಿ ಅದೇ ಮನೆಯ ಸೊಸೆಯಾದಳು. ಆದರೆ ಮೇಲೇರುವ ದಾರಿ ಎಲ್ಲ ಕಡೆ ಒಂದೇ: ಯಜಮಾನರ ಮಗ. ಕೂಲಿ ಹೆಚ್ಚಿಸಿ ಎಂದು ಕೇಳಿ ಗೆದ್ದ ಮನೆಗೆಲಸದಾಕೆಯನ್ನು ನಾನು ಬರೆದಿಲ್ಲ, ಬರೆಯಲು ಯಾರೂ ಕೇಳಿಲ್ಲ. ಬಡತನ ನಮ್ಮ ಕತೆಗಳಲ್ಲಿ ಹುಡುಗಿಯ ಗುಣ. ಅದು ಅವಳನ್ನು ಒಳ್ಳೆಯವಳನ್ನಾಗಿ ಮಾಡುತ್ತದೆ, ಅಷ್ಟೇ. ಅದು ಎಲ್ಲಿಂದ ಬಂತು, ಅವಳ ಅಪ್ಪನ ಹೊಲ ಏನಾಯಿತು, ಅವಳಿಗೆ ಊರಿನ ಬಾವಿಯಲ್ಲಿ ನೀರು ಸಿಗುತ್ತಿತ್ತೋ ಇಲ್ಲವೋ ಎಂದು ಕೇಳುವುದಿಲ್ಲ. ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಮೆಸ್ ನಡೆಸಿ ಮಕ್ಕಳನ್ನು ಸಾಕುವ ಹೆಂಗಸು ನಡುವಿಗೆ ಬಂದಳು. ಆ ಪಾತ್ರ ಮಾಡಿದ ಉಮಾಶ್ರೀ ತೇರದಾಳದಿಂದ ಗೆದ್ದು ಮಂತ್ರಿಯಾಗಿದ್ದವರು. ಜನ ಅದನ್ನು ಹೇಗೆ ಅಪ್ಪಿಕೊಂಡರು ನೋಡಿ. ಬೆವರುವ ಹೆಂಗಸನ್ನು ಜನ ನೋಡುವುದಿಲ್ಲ ಎಂಬ ಮಾತು ಅಲ್ಲಿಗೇ ಸುಳ್ಳಾಯಿತು. ನಮ್ಮವರು ಅದರಿಂದ ಪಾಠ ಕಲಿಯಬಹುದಿತ್ತು.

ಈಗ ಗೋಡೆಯ ಮಾತಿಗೆ ಬರುತ್ತೇನೆ. ಒಂದು ಧಾರಾವಾಹಿಯಲ್ಲಿ ನಾಯಕಿಯ ಗೆಳತಿಯ ಮನೆಯ ದೃಶ್ಯ ಬರೆಯಬೇಕಿತ್ತು. ಅಪ್ಪ ದರ್ಜಿ, ಒಂದು ರೂಮಿನ ಮನೆ. ನಾನು ದೃಶ್ಯದ ವಿವರದಲ್ಲಿ, ಗೋಡೆಯ ಮೇಲೆ ಬುದ್ಧ, ಬಸವ, ಅಂಬೇಡ್ಕರ್ ಫೋಟೊ ಎಂದು ಬರೆದೆ. ಅದು ಕತೆಗೆ ಬೇಕೇಬೇಕು ಎಂದೇನೂ ಇರಲಿಲ್ಲ. ನಮ್ಮಲ್ಲಿ ಅಂಥ ಮನೆ ಹಾಗೇ ಇರುತ್ತದೆ, ಅದಕ್ಕೆ ಬರೆದೆ. ಸೆಟ್ಟಿನಲ್ಲಿ ಫೋಟೊ ಏರಿತು. ಚಿತ್ರೀಕರಣಕ್ಕೆ ಮೊದಲು ಇಳಿಯಿತು. ಆ ಜಾಗದಲ್ಲಿ ದೇವರ ಕ್ಯಾಲೆಂಡರ್ ಬಂತು. ಕೇಳಿದ್ದಕ್ಕೆ ತುಂಬ ಮರ್ಯಾದೆಯಿಂದಲೇ ಉತ್ತರ ಕೊಟ್ಟರು: “ಕಾಂಟ್ರವರ್ಸಿ ಬೇಡ ಸಾರ್. ಫ್ಯಾಮಿಲಿ ಆಡಿಯನ್ಸ್ ನೋಡೋದು.”

ನಾನು ಅವತ್ತು ಸುಮ್ಮನಾದೆ. ತಿಂಗಳ ಬಾಡಿಗೆ ಕಟ್ಟಬೇಕಿತ್ತು. ಅವತ್ತು ಕೇಳದ ಪ್ರಶ್ನೆ ಈಗ ಕೇಳುತ್ತೇನೆ: ನಮ್ಮದು ಫ್ಯಾಮಿಲಿ ಅಲ್ಲವೇ? ಸಂವಿಧಾನ ಬರೆದ ಮನುಷ್ಯನ ಚಿತ್ರ ಕೋರ್ಟು ಕಚೇರಿಯ ಗೋಡೆಯಲ್ಲಿದ್ದರೆ ಕಾಂಟ್ರವರ್ಸಿ ಇಲ್ಲ, ಒಂದು ರೂಮಿನ ಮನೆಯ ಗೋಡೆಯಲ್ಲಿದ್ದರೆ ಹೇಗೆ ಬಂತು? ದೇವರ ಕ್ಯಾಲೆಂಡರ್ ತೂಗಿದ ಮನೆ ಎಲ್ಲರ ಮನೆ, ಅಂಬೇಡ್ಕರ್ ತೂಗಿದ ಮನೆ ‘ಅವರ’ ಮನೆ ಎಂದು ತೀರ್ಮಾನಿಸಿದ್ದು ಯಾರು? ಟಿವಿ ನಾಟಕದ ರಾಜಕಾರಣ ಇರುವುದು ಇಲ್ಲಿ. ಅದಕ್ಕೆ ಯಾವ ಪಕ್ಷದ ಬಾವುಟವೂ ಬೇಕಿಲ್ಲ, ಯಾವ ನಟನೂ ಚುನಾವಣೆಗೆ ನಿಲ್ಲಬೇಕಿಲ್ಲ. ಯಾವ ಮನೆ ಸಾಮಾನ್ಯ, ಯಾವ ಮನೆ ವಿಶೇಷ ಎಂದು ದಿನಾ ಸಂಜೆ ಅರ್ಧ ಗಂಟೆ ಹೇಳುತ್ತ ಹೋದರೆ ಸಾಕು.

ಡಬ್ಬಿಂಗ್ ವಿಷಯದಲ್ಲಿ ನಾನು ಗೆಳೆಯರ ಜೊತೆಗೇ ಇದ್ದವನು. ಡಬ್ಬಿಂಗ್ ಬಂದರೆ ನಮ್ಮ ನಟರು, ತಂತ್ರಜ್ಞರು, ನನ್ನಂಥ ಬರಹಗಾರರು ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ಸುಳ್ಳು ಭಯವಲ್ಲ. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ಡಬ್ ಆಗಿ ಕನ್ನಡ ವಾಹಿನಿಯಲ್ಲಿ ಬರಬೇಕಿತ್ತು. ನಮ್ಮ ಉದ್ಯಮ ವಿರೋಧಿಸಿತು, ಬರಲಿಲ್ಲ. ಆ ಜುಲೈನಲ್ಲಿ ಅದರ ಒಂದು ಕಂತು ಅಸ್ಪೃಶ್ಯತೆಯ ಬಗ್ಗೆ ಇತ್ತು. ಅದೂ ಕನ್ನಡದ ಟಿವಿಯಲ್ಲಿ ಬರಲಿಲ್ಲ. ಸರಿ, ತಡೆದೆವು. ತಡೆದ ಮೇಲೆ ನಾವೇನು ಮಾಡಿದೆವು? ಎಂಟು ವರ್ಷ ನಮ್ಮ ಕೈಯಲ್ಲಿತ್ತು. ಬಿ. ಕೃಷ್ಣಪ್ಪನವರ ದಲಿತ ಸಂಘರ್ಷ ಸಮಿತಿ ಹುಟ್ಟಿದ ನಾಡು ಇದು. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಕಪಾಟಿನಲ್ಲಿ ಕೂತಿವೆ. ಅವುಗಳಲ್ಲಿ ನಗುವಿದೆ, ಪ್ರೇಮವಿದೆ, ಅತ್ತೆ-ಸೊಸೆಯ ಜಗಳದಷ್ಟೇ ಬಿಗಿಯಾದ ಜಗಳಗಳಿವೆ. ಇವುಗಳತ್ತ ಕಣ್ಣೆತ್ತಿ ನೋಡದೆ ಮರಾಠಿಯಿಂದ, ತೆಲುಗಿನಿಂದ, ತಮಿಳಿನಿಂದ ದೊಡ್ಡ ಮನೆಗಳ ರೀಮೇಕು ತಂದೆವು. 2020ರಲ್ಲಿ ಬಾಗಿಲು ತೆರೆದಾಗ ಕನ್ನಡದ ಕೇರಿ ತನ್ನ ನಾಯಕನನ್ನು ಹಿಂದಿಯವರಿಂದ ಪಡೆದುಕೊಂಡಿತು. ಡಬ್ಬಿಂಗನ್ನು ಒಳಗೆ ಬಿಟ್ಟವರು ನ್ಯಾಯಾಲಯ, ಆಯೋಗ, ಲಾಕ್‌ಡೌನ್ ಎಂದು ನಾವು ಅಂದುಕೊಂಡಿದ್ದೇವೆ. ನಮ್ಮ ಮನೆಯ ಗೋಡೆ ಖಾಲಿ ಬಿಟ್ಟಿದ್ದೂ ಒಂದು ಕಾರಣ ಎಂದು ನಾನು ಹೇಳುತ್ತೇನೆ. ನಿಷ್ಠೆ ಕೇಳುವವರು ಮೊದಲು ಜಾಗ ಕೊಡಬೇಕು.

‘ಮಹಾನಾಯಕ’ವೇ ಪರಿಹಾರ ಎಂದೂ ನಾನು ಹೇಳುವುದಿಲ್ಲ. ಅದರ ಕನ್ನಡವೂ ಅದೇ ಬಂಗಲೆಯ ಕನ್ನಡ. ಅದರ ಊರು ದೂರದ್ದು, ಕಾಲ ನೂರು ವರ್ಷ ಹಿಂದಿನದು. ನೂರು ವರ್ಷದ ಹಿಂದಿನ ಬಾವಿಯಲ್ಲಿ ನೀರು ಕೊಡದವನನ್ನು ನೋಡಿ ಬೇಸರಪಟ್ಟುಕೊಳ್ಳುವುದು ಸುಲಭ, ಯಾಕೆಂದರೆ ಅವನು ನಮ್ಮ ಪಕ್ಕದ ಮನೆಯವನಲ್ಲ. ಅಂಬೇಡ್ಕರರನ್ನು ಮಹಾಪುರುಷನಾಗಿ ವಾರಾಂತ್ಯಕ್ಕೆ ಕೂರಿಸಿ, ಸೋಮವಾರದಿಂದ ಶುಕ್ರವಾರದ ಮನೆಗೆ ಅವರ ಫೋಟೊ ಬರದಂತೆ ನೋಡಿಕೊಂಡರೆ ಅದು ಹೊಸ ರೀತಿಯ ಹೊರಗಿಡುವಿಕೆ. ಆದರೆ ನಮ್ಮ ಪಡಸಾಲೆಯಲ್ಲಿ ಅವತ್ತು ಕೂತವರು ಈ ಕೊರತೆಗಳನ್ನೆಲ್ಲ ದಾಟಿ ನೋಡಿದರು. ಹಸಿದವನು ಅನ್ನ ಯಾವ ಊರಿನ ಅಕ್ಕಿಯದು ಎಂದು ಕೇಳುವುದಿಲ್ಲ. ಹಸಿವನ್ನು ನೋಡಿ ನಾಚಬೇಕಾದವರು ಅಡುಗೆ ಗೊತ್ತಿರುವ ನಾವು.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಧಾರಾವಾಹಿ ನೋಡುವುದು ದಣಿದ ಹೆಂಗಸರು, ಅವರಿಗೆ ಕನಸು ಬೇಕು, ನಿಮ್ಮ ಕೇರಿ ಯಾಕೆ ತೋರಿಸುತ್ತೀರಿ ಎನ್ನುವವರಿದ್ದಾರೆ. ನಾನು ಧಾರಾವಾಹಿ ನೋಡುವ ಹೆಂಗಸರನ್ನು ಹಂಗಿಸುವವನಲ್ಲ. ನಮ್ಮವ್ವ ಹತ್ತಿ ಬಿಡಿಸಿ ಬಂದು, ರೊಟ್ಟಿ ಬಡಿದು, ಆಮೇಲೆ ಕೂತು ನೋಡುವ ಆ ಒಂದು ಗಂಟೆ ಅವಳ ಇಡೀ ದಿನದಲ್ಲಿ ಅವಳದೇ ಆದ ಒಂದು ಗಂಟೆ. ಅವಳಿಗೆ ರೇಷ್ಮೆ ಸೀರೆ ನೋಡುವುದು ಇಷ್ಟ, ನೋಡಲಿ. ಆದರೆ ಕನಸು ಕಾಣಲು ಅವಳು ಯಾಕೆ ಬೇರೆಯವಳಾಗಬೇಕು? ಅವಳಂತೆ ಮಾತಾಡುವ, ಅವಳ ಕೇರಿಯಿಂದ ಬಂದ ಹುಡುಗಿ ರೇಷ್ಮೆ ಉಟ್ಟರೆ ಕನಸು ಮುರಿಯುತ್ತದೆಯೇ? ನಮ್ಮ ಕಡೆಯ ಹಿಂದುಳಿಕೆಯನ್ನು ಒಪ್ಪಿಕೊಂಡು 2013ರಲ್ಲಿ ಸಂವಿಧಾನದ 371ಜೆ ಜಾರಿಗೆ ಬಂತು, ಕಾಲೇಜಿನಲ್ಲಿ, ನೌಕರಿಯಲ್ಲಿ ಪಾಲು ಸಿಕ್ಕಿತು. ಆ ಪಾಲಿನಲ್ಲಿ ಓದಿ ಡಾಕ್ಟರಾದ ಹುಡುಗಿಯರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಧಾರಾವಾಹಿಯ ಡಾಕ್ಟರಮ್ಮ ಅವರಲ್ಲೊಬ್ಬಳಾದರೆ ಅದು ಕನಸಲ್ಲವೇ?

ನಾನು ‘ದಲಿತ ಧಾರಾವಾಹಿ’ ಕೇಳುತ್ತಿಲ್ಲ, ‘ಉತ್ತರ ಕರ್ನಾಟಕ ಸ್ಪೆಷಲ್’ ಸಂಚಿಕೆಯನ್ನೂ ಕೇಳುತ್ತಿಲ್ಲ. ಅವು ಹಬ್ಬದ ದಿನ ಕರೆದು ಊಟ ಹಾಕಿ ಕಳಿಸಿದಂತೆ. ಕೇಳುವುದು ಮೂರೇ. ಕತೆ ಕಟ್ಟುವ ರೂಮಿನಲ್ಲಿ ಕಲಬುರಗಿ, ರಾಯಚೂರು, ಚಾಮರಾಜನಗರದ, ಕೇರಿಯಿಂದ ಬಂದ ಬರಹಗಾರರು ಕೂರಲಿ, ಅಡುಗೆಯವನ ಮಾತು ತಿದ್ದುವುದಕ್ಕಷ್ಟೇ ಅಲ್ಲದೆ ಕತೆ ಏನೆಂದು ತೀರ್ಮಾನಿಸುವುದಕ್ಕೆ. ನಮ್ಮ ಮಾತನ್ನು ನಾಯಕ ಆಡಲಿ, ಅದರಲ್ಲಿ ಪ್ರೀತಿಸಲಿ, ಕೋಪಿಸಿಕೊಳ್ಳಲಿ. ಮತ್ತು ಸೋಮವಾರ ಸಂಜೆ ಏಳಕ್ಕೆ ಬರುವ ಯಾವುದೋ ಒಂದು ಮನೆಯ ಗೋಡೆಯ ಮೇಲೆ ಆ ಫೋಟೊ ಇರಲಿ. ಅದರ ಬಗ್ಗೆ ಯಾರೂ ಭಾಷಣ ಮಾಡಬೇಕಿಲ್ಲ. ಅದರ ಕೆಳಗೆ ಕೂತು ಅತ್ತೆ-ಸೊಸೆ ಜಗಳವಾಡಲಿ, ಬೇಕಾದರೆ.

ನಮ್ಮ ಕೇರಿಯ ಫ್ಲೆಕ್ಸ್ ಕಟ್ಟಿದ ಹುಡುಗರಲ್ಲಿ ಒಬ್ಬ ನನ್ನ ಕಾಕನ ಮಗ. ಬೆಂಗಳೂರಿನ ಹೊರವಲಯದಲ್ಲಿ ಗಾರೆ ಕೆಲಸ ಮಾಡುತ್ತಾನೆ. ಒಂದು ದಿನ ಟಿವಿಯಲ್ಲಿ ಬರುವ ಬಂಗಲೆ ತೋರಿಸಿ, “ಅಣ್ಣಾ, ಈ ಮನಿಗಿ ಪ್ಲಾಸ್ಟರ್ ಮಾಡಿದ್ದು ನಾವs” ಅಂದ. ಅದೇ ಮನೆಯೋ, ಅದರಂಥದ್ದೋ ನನಗೆ ತಿಳಿಯಲಿಲ್ಲ, ಎಲ್ಲವೂ ಒಂದೇ ಥರ ಇರುತ್ತವೆ. ಅವನು ಹೆಮ್ಮೆಯಿಂದ ಹೇಳಿದ. ಅವನು ಸುಣ್ಣ ಬಳಿದ ಆ ಗೋಡೆಯ ಮೇಲೆ ಏನನ್ನು ತೂಗುಹಾಕಬೇಕು ಎಂದು ಬರೆಯುವ ಕೆಲಸ ನನ್ನದು. ಅದನ್ನು ಇಷ್ಟು ವರ್ಷ ನಾನು ಸರಿಯಾಗಿ ಮಾಡಿಲ್ಲ ಚಿಗವ್ವಾ. ನೀನು ಕೇಳಿದ ಪ್ರಶ್ನೆಗೆ ಸದ್ಯಕ್ಕೆ ನನ್ನ ಉತ್ತರ ಇದು.